ಒಡ್ಡಿನ ಮೇಲಿನ ಲಾವಂಚದಿಂದ ಗೋವಿನಜೋಳದ ಕಾಂಡ ಕೊರಕ ನಿಜವಾಗಿ ಕಡಿಮೆ ಆಗುತ್ತಾ?

ಡೋಣಿ ದಂಡೆ | ವಿಜಯಪುರ ತಾಲೂಕು

ಶರಣು ರೀ ಎಲ್ಲರಿಗೂ. ಒಂದು ವಿಷಯ ಎಂಟು ದಿನದಿಂದ ತಲೆ ಕೊರೆಯುತ್ತಿದೆ, ಕಾಂಡ ಕೊರಕದ ಹಾಗೆಯೇ.

ನಮ್ಮದು ಡೋಣಿ ನದಿ ಸಾಲಿನ ಎರಿ (ಕಪ್ಪು ಮಣ್ಣಿನ) ಹೊಲ, ಎರಡು ಎಕರೆ. ಅಪ್ಪನ ಕಾಲದಲ್ಲಿ ಹಿಂಗಾರಿ ಬಿಳಿಜೋಳ, ಕಡಲೆ, ಕುಸುಬಿ ಬಿಟ್ಟರೆ ಬೇರೆ ಇರಲಿಲ್ಲ. ಮುಳವಾಡ ಏತ ನೀರಾವರಿಯ ಕಾಲುವೆ ಬಂದ ಮೇಲೆ ಮುಂಗಾರಿಗೆ ಗೋವಿನಜೋಳ ಶುರು ಮಾಡಿದೆ. ನೀರು ಬಂತು, ಹಿಂದೆಯೇ ಹುಳವೂ ಬಂತು.

ನಾಲ್ಕು ವರ್ಷದ ಹಿಂದೆ ದೊಡ್ಡ ಮಳೆಗೆ ಹಳ್ಳದ ಕಡೆಯ ಒಡ್ಡು ಒಡೆದು ಒಳ್ಳೆಯ ಮಣ್ಣೆಲ್ಲ ಡೋಣಿ ಪಾಲಾಯಿತು. ಆಗ ಒಡ್ಡು ಮತ್ತೆ ಕಟ್ಟಿಸಿ ಮೇಲೆ ಲಾವಂಚ ಹಚ್ಚಿದೆ, ಸುಮಾರು 60 ಮೀಟರ್ ಉದ್ದ. ಈಗ ಎದೆಮಟ್ಟ ಬೆಳೆದು ಗೋಡೆಯಂತೆ ನಿಂತಿದೆ. ಈ ಸಲ ಬಿತ್ತಿ 25 ದಿನ ಆಯಿತು. ಆ ಒಡ್ಡಿಗೆ ಹತ್ತಿದ ಸಾಲುಗಳಲ್ಲಿ ಸುಳಿ ಒಣಗಿದ ಗಿಡ ಕಡಿಮೆ ಕಾಣುತ್ತಿವೆ. ಆ ಕಡೆ ರಸ್ತೆ ಬದಿಗೆ ಜಾಸ್ತಿ.

ಪಿಯುಸಿ ಓದುವ ಮಗಳು ಮೊಬೈಲ್‌ನಲ್ಲಿ ಹುಡುಕಿ, 'ಅಪ್ಪಾ, ಕಾಂಡ ಕೊರಕದ ಪತಂಗ ಲಾವಂಚಕ್ಕೆ ಮರುಳಾಗಿ ಅಲ್ಲಿ ಮೊಟ್ಟೆ ಇಡುತ್ತದಂತೆ, ಮರಿಗಳು ಅಲ್ಲೇ ಸಾಯುತ್ತವಂತೆ' ಅಂದಳು. ಇದು ನಿಜವಾ? ಯಾರಾದರೂ ಮಾಡಿ ನೋಡಿದ್ದೀರಾ? ಹೌದು ಅಂದರೆ ಉಳಿದ ಮೂರು ಕಡೆಗೂ ಹಚ್ಚಿಬಿಡೋಣ ಅಂತ.

ಘಟಪ್ರಭಾ ಎಡದಂಡೆ | ಮುಧೋಳ

ಬೇಜಾರಾಗಬೇಡಿ ಅಣ್ಣಾ. ಪ್ರತಿ ವರ್ಷ ಒಂದೊಂದು ಪವಾಡದ ಗಿಡ ಬರುತ್ತದೆ. ಒಂದು ವರ್ಷ ಚೆಂಡು ಹೂವು, ಮರು ವರ್ಷ ಗೊಬ್ಬರದ ಗಿಡ. ಈಗ ಲಾವಂಚ. ನಮ್ಮ ಕಬ್ಬಿನಲ್ಲಿಯೂ ಸುಳಿ ಕೊರಕ ಇದೆ. ಹುಲ್ಲು ನೋಡಿ ಹುಳ ಓಡಿ ಹೋಗುವುದಾಗಿದ್ದರೆ ನಮ್ಮ ಹೊಲದಲ್ಲಿ ಹುಲ್ಲಿಗೆ ಬರವಿಲ್ಲ!

ಕಣಿಕಿ ಬಣವೆ | ಇಂಡಿ

ಎಡದಂಡೆ ಅವರೇ, ಓಡಿ ಹೋಗುತ್ತದೆ ಅಂತ ಯಾರು ಹೇಳಿದರು? ಅದು ಹುಲ್ಲಿನ ಕಡೆ ಓಡಿ ಬರುತ್ತದೆ ಅಂತ ಅಲ್ವಾ ಅವರು ಬರೆದದ್ದು. ಓದಿ ಬರೆಯಿರಿ.

ಹುಳದ ಬೆನ್ನು ಹತ್ತಿದವಳು | ಬಾಗಲಕೋಟೆ

ಅಣ್ಣಾ, ಧಾರವಾಡದಲ್ಲಿ ಕೀಟಶಾಸ್ತ್ರ ಓದಿದವಳು ನಾನು. ಲಾವಂಚದ ಮಾತು ಆಮೇಲೆ. ಮೊದಲು ನಿಮ್ಮ ಹೊಲದಲ್ಲಿ ಇರುವುದು ಯಾವ ಹುಳ ಅಂತ ಹೇಳಿ. 'ಸುಳಿ ಒಣಗಿದೆ' ಅನ್ನುವುದು 'ಜ್ವರ ಬಂದಿದೆ' ಅಂದ ಹಾಗೆ. ಯಾವ ಜ್ವರ ಅಂತ ಗೊತ್ತಾಗುವುದಿಲ್ಲ.

ಒಣಗಿದ ಸುಳಿ ಹಿಡಿದು ಎಳೆಯಿರಿ. ಸಲೀಸಾಗಿ ಕಿತ್ತು ಬಂದು, ಬುಡ ಕೊಳೆತು ಕೆಟ್ಟ ವಾಸನೆ ಬಂದರೆ ಅದು ಸುಳಿ ನೊಣ. ಅದು ನೊಣ, ಪತಂಗವೇ ಅಲ್ಲ. ಮೊಳಕೆ ಬಂದ ಮೊದಲ ಮೂರು ನಾಲ್ಕು ವಾರದ ಕಾಟ, ಅದರಲ್ಲೂ ನಮ್ಮ ಕಡೆ ತಡವಾಗಿ ಬಿತ್ತಿದ ಜೋಳಕ್ಕೆ ಜಾಸ್ತಿ. ಲಾವಂಚದ ಕಥೆಗೂ ಅದಕ್ಕೂ ಸಂಬಂಧ ಇಲ್ಲ.

ಬಿಚ್ಚಿಕೊಂಡ ಎಲೆಯಲ್ಲಿ ಅಡ್ಡಡ್ಡ ಸಾಲಾಗಿ ಸೂಜಿ ಚುಚ್ಚಿದಂಥ ತೂತು ಇದ್ದು, ಕಾಂಡದಲ್ಲಿ ರಂಧ್ರ, ರಂಧ್ರದ ಬಾಯಲ್ಲಿ ಹಿಟ್ಟಿನಂಥ ಹಿಕ್ಕೆ ಇದ್ದರೆ ಕಾಂಡ ಕೊರಕ. ಕಾಂಡ ಸೀಳಿದರೆ ಒಳಗೆ ಕಂದು ತಲೆಯ ಹುಳ ಸಿಗುತ್ತದೆ. ಮೈಮೇಲೆ ಉದ್ದಕ್ಕೂ ಚುಕ್ಕೆಗಳ ಸಾಲು ಇರುತ್ತವೆ.

ಸುಳಿಯಲ್ಲಿ ಒದ್ದೆ ಕಟ್ಟಿಗೆ ಪುಡಿಯಂಥ ಹಿಕ್ಕೆ ತುಂಬಿ, ಎಲೆ ಹರಕು ಹರಕಾಗಿದ್ದರೆ ಸೈನಿಕ ಹುಳು. ತಲೆಯ ಮೇಲೆ ಇಂಗ್ಲಿಷ್‌ನ ವೈ ಅಕ್ಷರ ತಲೆಕೆಳಗಾಗಿ ಬರೆದಂತೆ ಇರುತ್ತದೆ. ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಚುಕ್ಕೆ. 2018ರಲ್ಲಿ ಶಿವಮೊಗ್ಗದ ಕಡೆ ಮೊದಲು ಸಿಕ್ಕಿತು. ಈಗ ಗೋವಿನಜೋಳ ಇರುವಲ್ಲೆಲ್ಲ ಇದೆ.

ಇಪ್ಪತ್ತು ಗಿಡ ಕಿತ್ತು ಸೀಳಿ ನೋಡಿ ಬರೆಯಿರಿ. ಸುಮ್ನೆ ದೂರದಿಂದ ನೋಡಿ ಹೇಳಬೇಡಿ.

ಡೋಣಿ ದಂಡೆ | ವಿಜಯಪುರ ತಾಲೂಕು

ಆಯ್ತು ಮೇಡಂ. ಬೆಳಿಗ್ಗೆ ಹೋಗಿ ನೋಡಿ ಬಂದೆ. ಮಗಳೂ ಬಂದಿದ್ದಳು. ಇಪ್ಪತ್ತರಲ್ಲಿ ಹದಿಮೂರು ಗಿಡದಲ್ಲಿ ನೀವು ಹೇಳಿದ ಚುಕ್ಕೆ ಸಾಲಿನ ಹುಳವೇ ಸಿಕ್ಕಿತು. ನಾಲ್ಕರಲ್ಲಿ ಸೈನಿಕ ಹುಳು. ಮೂರರಲ್ಲಿ ಏನೂ ಸಿಗಲಿಲ್ಲ, ಖಾಲಿ ಸುರಂಗ. ಕೊಳೆತ ವಾಸನೆ ಒಂದರಲ್ಲೂ ಇರಲಿಲ್ಲ.

ಸತ್ಯ ಹೇಳಬೇಕು ಅಂದರೆ, ಇಷ್ಟು ವರ್ಷ ಎಲ್ಲವನ್ನೂ 'ಹುಳ' ಅಂತ ಒಂದೇ ಹೆಸರಿನಿಂದ ಕರೆದು ಒಂದೇ ಔಷಧಿ ಹೊಡೆದಿದ್ದೇನೆ.

ಹುಳದ ಬೆನ್ನು ಹತ್ತಿದವಳು | ಬಾಗಲಕೋಟೆ

ಹಾಗಾದರೆ ಮಾತಾಡಬಹುದು. ನಿಮಗೆ ಸಿಕ್ಕ ಚುಕ್ಕೆ ಹುಳದ ಹೆಸರು ಕೈಲೋ ಪಾರ್ಟೆಲ್ಲಸ್. ಇದು ನಮ್ಮ ಏಷ್ಯಾದ ಹುಳ. ಇಲ್ಲಿಂದ ಹೇಗೋ ಆಫ್ರಿಕಾ ಸೇರಿ, 1930ರ ದಶಕದಲ್ಲಿ ಮಲಾವಿಯಲ್ಲಿ ಮೊದಲು ಕಣ್ಣಿಗೆ ಬಿತ್ತು. ಆಮೇಲೆ ಪೂರ್ವ ಮತ್ತು ದಕ್ಷಿಣ ಆಫ್ರಿಕಾದ ಗೋವಿನಜೋಳ, ಜೋಳ ಎರಡಕ್ಕೂ ದೊಡ್ಡ ಶತ್ರುವಾಯಿತು. ಲಾವಂಚ ಕೂಡ ಮೂಲದಲ್ಲಿ ನಮ್ಮ ನೆಲದ್ದೇ. ಇವೆರಡರ ಜಗಳವನ್ನು ಚೆನ್ನಾಗಿ ನೋಡಿದ್ದು ಮಾತ್ರ ಆಫ್ರಿಕಾದವರು.

ದಕ್ಷಿಣ ಆಫ್ರಿಕಾದ ಜಾನಿ ವಾನ್ ಡೆನ್ ಬರ್ಗ್ ಅನ್ನುವ ಕೀಟ ವಿಜ್ಞಾನಿ 2000ದ ದಶಕದಲ್ಲಿ ಈ ಪರೀಕ್ಷೆ ಮಾಡಿದರು. ಪತಂಗದ ಮುಂದೆ ಗೋವಿನಜೋಳ, ಲಾವಂಚ ಎರಡನ್ನೂ ಇಟ್ಟರು. ಹೆಣ್ಣು ಪತಂಗ ಲಾವಂಚವನ್ನೇ ಹೆಚ್ಚು ಆರಿಸಿಕೊಂಡು ಅದರ ಮೇಲೆ ಮೊಟ್ಟೆ ಇಟ್ಟಿತು. ಆದರೆ ಲಾವಂಚದ ಮೇಲೆ ಹುಟ್ಟಿದ ಮರಿಗಳು ಬದುಕಲಿಲ್ಲ. ಚೀನಾದವರು ಭತ್ತದ ಕಾಂಡ ಕೊರಕದಲ್ಲಿ ಇದನ್ನೇ ನೋಡಿದ್ದಾರೆ. ಅದು ಇದೇ ಕುಲದ ಇನ್ನೊಂದು ಹುಳ. ಲಾವಂಚ ತಿಂದ ಮರಿಗೆ ತಿಂದದ್ದನ್ನು ಅರಗಿಸಿಕೊಳ್ಳುವ ಮತ್ತು ವಿಷ ಕಳೆದುಕೊಳ್ಳುವ ಶಕ್ತಿಯೇ ಕುಂದುತ್ತದೆ ಅಂತ ಅವರ ಕೆಲಸ ತೋರಿಸಿತು.

ಪತಂಗ ತನ್ನ ಮಕ್ಕಳಿಗೆ ಸಾಯುವ ಮನೆಯನ್ನೇ ಯಾಕೆ ಆರಿಸುತ್ತದೆ ಅಂತ ಕೇಳಬೇಡಿ. ರಾತ್ರಿ ವಾಸನೆ ಹಿಡಿದು ಹಾರುವ ಜೀವ ಅದು. ಮೂಗಿಗೆ ಮೋಸ ಆಗುತ್ತದೆ, ಅಷ್ಟೇ.

ಇನ್ನೊಂದು ಮಾತು. ಆಫ್ರಿಕಾದಲ್ಲಿ ಬುಸಿಯೋಲಾ ಅಂತ ಬೇರೊಂದು ಕಾಂಡ ಕೊರಕ ಇದೆ. ಅದರ ಪತಂಗ ಲಾವಂಚಕ್ಕೆ ಹೀಗೆ ಮರುಳಾಗಲಿಲ್ಲ. ಅಂದರೆ ಒಂದು ಹುಳಕ್ಕೆ ಕೆಲಸ ಮಾಡಿದ್ದು ಎಲ್ಲ ಕೊರಕಕ್ಕೂ ಮಾಡುತ್ತದೆ ಅನ್ನುವಂತಿಲ್ಲ. ಎಡದಂಡೆ ಅಣ್ಣಾ, ನಿಮ್ಮ ಕಬ್ಬಿನ ಸುಳಿ ಕೊರಕಕ್ಕೂ ಹೀಗೇ ಆಗುತ್ತದೆ ಅಂತ ನಾನು ಹೇಳುವುದಿಲ್ಲ.

ಘಟಪ್ರಭಾ ಎಡದಂಡೆ | ಮುಧೋಳ

ಇದು ಮಾತು. ನಾನು ವಾಪಸ್ ತೆಗೆದುಕೊಂಡೆ, ಅರ್ಧ ಮಾತ್ರ. ಪಂಜರದೊಳಗೆ ಎರಡೇ ಗಿಡ ಇಟ್ಟರೆ ಪತಂಗ ಒಂದನ್ನು ಆರಿಸಲೇಬೇಕು. ಹೊಲದಲ್ಲಿ ಒಂದು ಸಾಲು ಲಾವಂಚ, ಎದುರಿಗೆ ಹತ್ತಾರು ಸಾವಿರ ಗೋವಿನಜೋಳದ ಗಿಡ. ಆಗಲೂ ಹುಡುಕಿಕೊಂಡು ಅಲ್ಲಿಗೇ ಹೋಗುತ್ತದಾ?

ಹುಳದ ಬೆನ್ನು ಹತ್ತಿದವಳು | ಬಾಗಲಕೋಟೆ

ಅದು ಸರಿಯಾದ ಪ್ರಶ್ನೆ ಅಣ್ಣಾ. ಪತಂಗ ಹೊರಗಿನಿಂದ ಹೊಲಕ್ಕೆ ಬರುವಾಗ ಅಂಚಿನಲ್ಲಿರುವ ಗಿಡವೇ ಮೊದಲು ಸಿಗುತ್ತದೆ, ಅದಕ್ಕೇ ಪತಂಗವನ್ನು ತನ್ನ ಕಡೆ ಎಳೆಯುವ ಬಲೆ ಗಿಡವನ್ನು ಅಂಚಿಗೆ ಹಾಕುವುದು. ಆದರೆ ಪತಂಗ ಹೊಲದ ಒಳಗೇ, ಹೋದ ವರ್ಷದ ಕೂಳೆಯಿಂದ ಎದ್ದು ಬಂದರೆ ಅಂಚಿನ ಸಾಲು ಏನು ಮಾಡೀತು?

ಮಸಾರಿ ಕಾಕಾ | ಸವದತ್ತಿ

ತಮ್ಮಾ, ನಾನು ಹುಳದ ಬಗ್ಗೆ ಹೇಳುವಷ್ಟು ತಿಳಿದವನಲ್ಲ. ಲಾವಂಚದ ಬಗ್ಗೆ ಹೇಳುತ್ತೇನೆ. ನೌಕರಿ ಮಾಡುವಾಗ ಆರು ವರ್ಷ ಗುಂಡ್ಲುಪೇಟೆ ಕಡೆ ಇದ್ದೆ. ಅಲ್ಲಿ ಹಳೆಯ ರೈತರ ಹೊಲಗಳ ಗಡಿಗೆ ಲಾವಂಚದ ಬೇಲಿ ಇತ್ತು. ಅಜ್ಜನ ಕಾಲದ್ದು ಅನ್ನುತ್ತಿದ್ದರು. ಜಗಳ ಇಲ್ಲದ ಗಡಿ, ಯಾಕಂದರೆ ಲಾವಂಚ ಹಚ್ಚಿದ ಜಾಗ ಬಿಟ್ಟು ಆ ಕಡೆ ಈ ಕಡೆ ಹರಿದಾಡುವುದಿಲ್ಲ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಗ್ರಿಮ್‌ಶಾ, ಗ್ರೀನ್‌ಫೀಲ್ಡ್ ಅನ್ನುವವರು ಮಣ್ಣು ಉಳಿಸಲು ಲಾವಂಚ ಹಚ್ಚಿ ಅಂತ ಊರೂರು ತಿರುಗಿದಾಗ ಈ ಗುಂಡ್ಲುಪೇಟೆ ಬೇಲಿಗಳನ್ನೇ ಉದಾಹರಣೆ ಕೊಡುತ್ತಿದ್ದರು. ಕನಕಪುರದ ಕಡೆ ಕಬ್ಬಾಳನಾಲಾ ಜಲಾನಯನದಲ್ಲಿ ಆಗ ಹಚ್ಚಿಸಿದರು. ಹೊರದೇಶದವರು ಬಂದು ನಮ್ಮ ಹುಲ್ಲಿನ ಬಗ್ಗೆ ನಮಗೇ ಹೇಳಬೇಕಾಯಿತು ಅನ್ನುವುದು ಬೇರೆ ಮಾತು.

ಒಂದು ಎಚ್ಚರಿಕೆ. ದಕ್ಷಿಣದ ತಳಿ ಬೀಜ ಕಟ್ಟುವುದಿಲ್ಲ. ಬುಡ ಸೀಳಿ ಹಚ್ಚಿದರೆ ಮಾತ್ರ ಬರುತ್ತದೆ, ಹಾಗಾಗಿ ಕಳೆ ಆಗುವುದಿಲ್ಲ. ಉತ್ತರ ಭಾರತದ ಕಾಡು ತಳಿ ಬೀಜದಿಂದ ಹರಡುತ್ತದೆ. ತರುವಾಗ ಕೇಳಿ ತನ್ನಿ.

ಮತ್ತೊಂದು. ಬೇರು ಮಾರುವ ಆಸೆಗೆ ಒಡ್ಡಿನ ಲಾವಂಚ ಅಗೆಯಬೇಡಿ. ಕೂಲರ್‌ನ ಚಾಪೆಗೆ ಬೇರು, ಎಣ್ಣೆಗೆ ಬೇರು ಅಂತ ಕೇಳಿಕೊಂಡು ಬರುತ್ತಾರೆ. ಬೇರು ಮೂರು ನಾಲ್ಕು ಮೀಟರ್ ಆಳಕ್ಕೆ ನೇರ ಇಳಿಯುತ್ತದೆ. ಅದನ್ನು ಅಗೆದರೆ ಒಡ್ಡೇ ಹೋಯಿತು.

ಡೋಣಿ ದಂಡೆ | ವಿಜಯಪುರ ತಾಲೂಕು

ಕಾಕಾ, ನನ್ನದು ನಾಲ್ಕು ವರ್ಷದಲ್ಲಿ ಒಂದು ಸಲವೂ ಬೀಜ ಉದುರಿ ಹುಟ್ಟಿಲ್ಲ. ಹಾಗಾದರೆ ಒಳ್ಳೆಯ ತಳಿಯೇ.

ಕಣಿಕಿ ಬಣವೆ | ಇಂಡಿ

ನನ್ನ ಪ್ರಶ್ನೆ ಬೇರೆ. ನಾಲ್ಕು ಎಮ್ಮೆ ಇವೆ, ಒಡ್ಡಿನ ತುಂಬ ನೇಪಿಯರ್ ಮೇವಿನ ಹುಲ್ಲು ಇದೆ. ಧಾರವಾಡದ ಮೇವು ಸಂಶೋಧನಾ ಕೇಂದ್ರದ ಸಂಪೂರ್ಣ ತಳಿ. ಅದೂ ಪತಂಗಕ್ಕೆ ಬಲೆ ಆಗುತ್ತದೆ ಅಂತ ಎಲ್ಲೋ ಕೇಳಿದ್ದೆ. ಹಾಗಿದ್ದರೆ ಲಾವಂಚ ಯಾಕೆ? ಎಮ್ಮೆ ಬಲಿತ ಲಾವಂಚ ಮೂಸಿಯೂ ನೋಡುವುದಿಲ್ಲ.

ಹುಳದ ಬೆನ್ನು ಹತ್ತಿದವಳು | ಬಾಗಲಕೋಟೆ

ಸರಿಯಾಗಿ ಕೇಳಿದ್ದೀರಿ ಅಕ್ಕಾ. ನಿಜ ಹೇಳಬೇಕು ಅಂದರೆ ಹೊಲದಲ್ಲಿ ಜಾಸ್ತಿ ಪರೀಕ್ಷೆ ಆಗಿರುವುದು ನೇಪಿಯರೇ. ಕೀನ್ಯಾದ ಇಸಿಪೆ ಸಂಸ್ಥೆ ಮತ್ತು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸೇರಿ ಮಾಡಿದ 'ತಳ್ಳು-ಎಳೆ' ಪದ್ಧತಿ ಅದು. ಮುಂದೆ ನಿಂತವರು ಝೆಯಾವುರ್ ಖಾನ್, ಭಾರತದಲ್ಲಿ ಹುಟ್ಟಿದ ವಿಜ್ಞಾನಿ. ಗೋವಿನಜೋಳದ ಸಾಲುಗಳ ನಡುವೆ ಡೆಸ್ಮೋಡಿಯಂ ಅನ್ನುವ ದ್ವಿದಳ ಮೇವಿನ ಗಿಡ, ಅದರ ವಾಸನೆ ಪತಂಗವನ್ನು ತಳ್ಳುತ್ತದೆ. ಸುತ್ತ ನೇಪಿಯರ್, ಅದು ಎಳೆಯುತ್ತದೆ. ನೇಪಿಯರ್ ಕಾಂಡ ಕೊರೆಯಲು ಹೋದ ಮರಿ ಅದರ ಅಂಟು ರಸದಲ್ಲಿ ಸಿಕ್ಕಿಕೊಳ್ಳುತ್ತದೆ. ಬದುಕುವುದು ಬಹಳ ಕಡಿಮೆ, ಆದರೆ ಸ್ವಲ್ಪ ಬದುಕುತ್ತವೆ. ಡೆಸ್ಮೋಡಿಯಂ ಅಂದರೆ ನಮ್ಮ ಬೇಲಿ ಮೆಂತೆ ಅಲ್ಲ, ನೆನಪಿಡಿ. ಅದು ಡೆಸ್ಮಾಂತಸ್. ಹೆಸರು ಹತ್ತಿರ ಇರುವುದಕ್ಕೆ ಅಂಗಡಿಯವರೂ ತಪ್ಪು ಬೀಜ ಕೊಟ್ಟುಬಿಡುತ್ತಾರೆ.

ನಿಮ್ಮ ಹತ್ತಿರ ಎಮ್ಮೆ ಇದ್ದರೆ, ನೀರಿದ್ದರೆ ನೇಪಿಯರ್. ನೀರು ನಂಬುವಂತಿಲ್ಲ, ಒಡ್ಡು ಉಳಿಯಬೇಕು ಅಂದರೆ ಲಾವಂಚ. ಇಷ್ಟೇ ನನ್ನ ಅಭಿಪ್ರಾಯ. ಒಂದು ತೊಂದರೆ ಮಾತ್ರ ಇದೆ. ನೀವು ಮೇವಿಗೆ ಒಂದೇ ದಿನ ನೇಪಿಯರ್ ಎಲ್ಲ ಬುಡಕ್ಕೆ ಕೊಯ್ದರೆ, ಅದು ಮತ್ತೆ ಚಿಗುರುವವರೆಗೆ ಬಲೆಯೇ ಇಲ್ಲ. ಸರದಿ ಮೇಲೆ ಕೊಯ್ಯಿರಿ.

ಕಣಿಕಿ ಬಣವೆ | ಇಂಡಿ

ಸರದಿ ಮೇಲೆಯೇ ಕೊಯ್ಯುವುದು. ಎಮ್ಮೆ ದಿನಾ ತಿನ್ನುತ್ತವಲ್ಲ, ವಾರಕ್ಕೊಮ್ಮೆ ಅಲ್ಲ.

ಬರಗಾಲದ ಮಗ | ಜಮಖಂಡಿ

ಮೇಡಂ, ಒಂದು ಸಂಶಯ. ಮೊಟ್ಟೆಯಿಂದ ಹೊರಬಂದ ಮರಿ ನೂಲು ಬಿಟ್ಟು ಗಾಳಿಯಲ್ಲಿ ತೇಲಿ ಪಕ್ಕದ ಗಿಡಕ್ಕೆ ಹೋಗುತ್ತದೆ. ನಾನೇ ನೋಡಿದ್ದೇನೆ. ಲಾವಂಚದ ಮೇಲೆ ಹುಟ್ಟಿದ್ದು ಅಲ್ಲಿ ಸಾಯುವವರೆಗೆ ಯಾಕೆ ಕೂತಿರುತ್ತದೆ? ಗಾಳಿ ಬಂದರೆ ನಮ್ಮ ಬೆಳೆಗೇ ಬರುತ್ತದಲ್ಲ? ಆಮೇಲೆ ಬಲೆ ಅಂತ ಹಚ್ಚಿದ್ದೇ ಹುಳದ ತೊಟ್ಟಿಲಾದರೆ?

ಹುಳದ ಬೆನ್ನು ಹತ್ತಿದವಳು | ಬಾಗಲಕೋಟೆ

ಹೌದು, ಹಾಗೆ ತೇಲುತ್ತವೆ. ಮೊಟ್ಟೆ ಒಡೆದ ಮೊದಲ ಒಂದೆರಡು ದಿನ. ದಾರಿಯಲ್ಲಿ ಬಹಳಷ್ಟು ಸಾಯುತ್ತವೆ. ಜೇಡ, ಇರುವೆ, ಬಿಸಿಲು, ನೆಲಕ್ಕೆ ಬಿದ್ದು ದಾರಿ ತಪ್ಪುವುದು. ಆದರೂ ಸ್ವಲ್ಪ ಬೆಳೆಗೆ ಸೇರಬಹುದು. ಅದಕ್ಕೇ ಆಫ್ರಿಕಾದವರು ನೇಪಿಯರ್‌ಗೂ ಗೋವಿನಜೋಳಕ್ಕೂ ನಡುವೆ ಒಂದು ಮೀಟರ್ ಜಾಗ ಬಿಡಿಸುತ್ತಾರೆ. ಲಾವಂಚಕ್ಕೂ ಅಷ್ಟು ಬಿಡುವುದು ಒಳ್ಳೆಯದು. ಎತ್ತು ತಿರುಗಲು, ಟ್ರ್ಯಾಕ್ಟರ್ ತಿರುಗಲು ಹೇಗೂ ಬೇಕು.

ಮಸಾರಿ ಕಾಕಾ | ಸವದತ್ತಿ

ಉಳಿದ ಮೂರು ಕಡೆಗೂ ಹಚ್ಚುತ್ತೇನೆ ಅಂದನಲ್ಲ ತಮ್ಮ, ಲೆಕ್ಕ ಹಾಕಿದ್ದಾನೋ ಇಲ್ಲವೋ? ಒಂದು ಎಕರೆ ಚೌಕ ಹೊಲದ ಸುತ್ತಳತೆ ಸುಮಾರು 255 ಮೀಟರ್. ಒಡ್ಡು ಹಿಡಿಯಲು ಅರ್ಧ ಅಡಿಗೊಂದರಂತೆ, ಅಂದರೆ 15 ಸೆಂಟಿಮೀಟರ್‌ಗೆ ಒಂದು ಹಚ್ಚಿದರೆ 1,700 ಕಡ್ಡಿ ಬೇಕು. ಎರಡು ಎಕರೆಗೆ ಇನ್ನೂ ಹೆಚ್ಚು. ಆಳಿನ ಕೂಲಿ ಬೇರೆ.

ಹುಳದ ಬೆನ್ನು ಹತ್ತಿದವಳು | ಬಾಗಲಕೋಟೆ

ಕಾಕಾ, ಹುಳದ ಬಲೆಗೆ ಅಷ್ಟು ಒತ್ತಾಗಿ ಬೇಡ. ಪತಂಗಕ್ಕೆ ಗೋಡೆ ಬೇಕಿಲ್ಲ, ಗುಂಪು ಸಾಕು. ಚೀನಾದ ಭತ್ತದ ಗದ್ದೆಗಳ ಬದುವಿನ ಮೇಲೆ 3ರಿಂದ 5 ಮೀಟರ್‌ಗೆ ಒಂದು ಬುಡ ಹಚ್ಚುತ್ತಾರೆ. 3 ಮೀಟರ್ ಅಂತ ಹಿಡಿದರೆ ನಿಮ್ಮ 255 ಮೀಟರ್‌ಗೆ 85 ಬುಡ. ಅವರ ಸದ್ಯದ 60 ಮೀಟರ್ ಒಡ್ಡಿನಿಂದಲೇ ಅಷ್ಟು ಕಡ್ಡಿ ಸೀಳಿ ತೆಗೆಯಬಹುದು. ಮಣ್ಣಿಗೆ ಬೇಕಾದ ಕಡೆ ಒತ್ತಾಗಿ, ಹುಳಕ್ಕೆ ಮಾತ್ರ ಬೇಕಾದ ಕಡೆ ಬಿಡಿ ಬಿಡಿಯಾಗಿ.

ಘಟಪ್ರಭಾ ಎಡದಂಡೆ | ಮುಧೋಳ

1,700 ಎಲ್ಲಿ, 85 ಎಲ್ಲಿ! ಇದನ್ನು ಮೊದಲೇ ಹೇಳಬಾರದಿತ್ತಾ. ನಾನು ಸುಮ್ನೆ ಜಗಳಕ್ಕೆ ನಿಂತೆ.

ಡೋಣಿ ದಂಡೆ | ವಿಜಯಪುರ ತಾಲೂಕು

ಮೇಡಂ, ನನಗೆ ಇನ್ನೂ ಒಂದು ಕೇಳುವುದಿದೆ. ನಮ್ಮ ಕಡೆ ಮೇ ತಿಂಗಳಲ್ಲಿ ಲಾವಂಚ ಒಣಗಿ ಪೊರಕೆಯಂತೆ ನಿಂತಿರುತ್ತದೆ. ಮೃಗಶಿರಾ ಮಳೆಗೆ ಬಿತ್ತುತ್ತೇವೆ. ಆಗ ಅದು ಹಸಿರಾಗಿರುತ್ತದಾ? ಒಣ ಹುಲ್ಲಿಗೆ ಪತಂಗ ಯಾಕೆ ಬಂದೀತು?

ಹುಳದ ಬೆನ್ನು ಹತ್ತಿದವಳು | ಬಾಗಲಕೋಟೆ

ಅಣ್ಣಾ, ಇಡೀ ಚರ್ಚೆಯಲ್ಲಿ ಇದೇ ಮುಖ್ಯ ಮಾತು. ನನಗೇ ಹೊಳೆದಿರಲಿಲ್ಲ. ಬೆಳೆ ಎರಡರಿಂದ ಆರು ವಾರ ಇರುವಾಗ ಬಲೆ ಹಸಿರಾಗಿರಬೇಕು. ಬೇಸಿಗೆ ಕೊನೆಯಲ್ಲಿ ಮೊಣಕಾಲ ಮಟ್ಟಕ್ಕೆ ಸವರಿಬಿಡಿ, ಮೊದಲ ಮಳೆಗೆ ಹೊಸ ಚಿಗುರು ಬರುತ್ತದೆ. ಕಾಲುವೆಗೆ ನೀರು ಬಿಟ್ಟರೆ ಒಡ್ಡಿಗೂ ಒಂದು ಸಲ ಹಾಯಿಸಿ. ಬೆಂಕಿ ಹಚ್ಚುವುದು ಬೇಡ, ಕಣ್ಣೆದುರಿಗೇ ಬಣವೆ ಇರುತ್ತವೆ. ಸವರಿದ ಹುಲ್ಲು ಬೆಳೆಯ ಸಾಲಿಗೆ ಹೊದಿಕೆ ಹಾಕಿ, ಇಲ್ಲ ಗುಡಿಸಲಿನ ಮಾಡಿಗೆ ಹಾಕಿ. ಬೇಗ ಕೊಳೆಯುವುದಿಲ್ಲ.

ಅಂದ ಹಾಗೆ, ಬಣವೆ ಅಂದ ಕೂಡಲೇ ನೆನಪಾಯಿತು. ನಿಮ್ಮ ರಸ್ತೆ ಬದಿಯಲ್ಲಿ ಏನಿದೆ?

ಡೋಣಿ ದಂಡೆ | ವಿಜಯಪುರ ತಾಲೂಕು

ಮನೆ. ಮನೆ ಪಕ್ಕ ಹೋದ ವರ್ಷದ ಗೋವಿನಜೋಳದ ಸೊಪ್ಪೆ, ಜೋಳದ ಕಣಿಕಿಯ (ಒಣ ದಂಟಿನ) ಬಣವೆ. ಯಾಕೆ?

ಕಣಿಕಿ ಬಣವೆ | ಇಂಡಿ

ಅಯ್ಯೋ ಅಣ್ಣಾ. ನನ್ನ ಹೆಸರನ್ನೇ ಕರೆದಿರಿ!

ಹುಳದ ಬೆನ್ನು ಹತ್ತಿದವಳು | ಬಾಗಲಕೋಟೆ

ನಗುವ ಮಾತಲ್ಲ ಅಕ್ಕಾ. ಈ ಹುಳ ಬೇಸಿಗೆ ಕಳೆಯುವುದು ಎಲ್ಲಿ ಅಂತ ಗೊತ್ತಾ? ಒಣ ಕಣಿಕಿಯ ಒಳಗೆ, ಹೊಲದಲ್ಲಿ ಬಿಟ್ಟ ಕೂಳೆಯ ಒಳಗೆ. ಬಲಿತ ಹುಳ ಅಲ್ಲಿ ತಿಂಗಳುಗಟ್ಟಲೆ ನಿದ್ದೆ ಮಾಡುತ್ತದೆ. ಮುಂಗಾರು ಮಳೆ ಬಿದ್ದ ಮೇಲೆ ಕೋಶವಾಗಿ, ಪತಂಗವಾಗಿ ಹೊರಗೆ ಬರುತ್ತದೆ. ಆಗ ಪಕ್ಕದಲ್ಲೇ ಎಳೆಯ ಗೋವಿನಜೋಳ ರೆಡಿ ಇರುತ್ತದೆ. ಅವರ ರಸ್ತೆ ಬದಿಯಲ್ಲಿ ಕಾಟ ಜಾಸ್ತಿ ಇರುವುದಕ್ಕೆ ಲಾವಂಚ ಇಲ್ಲದ್ದು ಕಾರಣವಾ, ಬಣವೆ ಇರುವುದು ಕಾರಣವಾ? ಎಣಿಸದೆ ಹೇಳುವಂತಿಲ್ಲ.

ಅಣ್ಣಾ, ನಾಲ್ಕು ಜಾಗ ಗುರುತು ಮಾಡಿ. ಲಾವಂಚದ ಪಕ್ಕ, ಹೊಲದ ನಡುವೆ, ರಸ್ತೆ ಬದಿಯಲ್ಲಿ ಬಣವೆ ಹತ್ತಿರ, ರಸ್ತೆ ಬದಿಯಲ್ಲೇ ಬಣವೆಯಿಂದ ದೂರ. ಒಂದೊಂದು ಕಡೆ 100 ಗಿಡ. ಬಿಡಿ ಬಿಡಿಯಾಗಿ ಇಪ್ಪತ್ತರಂತೆ ಐದು ಕಡೆ ನಿಂತು ಎಣಿಸಿ. ಸುಳಿ ಒಣಗಿದ್ದು, ಅಡ್ಡ ತೂತಿನ ಸಾಲು ಇದ್ದದ್ದು ಮಾತ್ರ. ಸೈನಿಕ ಹುಳು ಬೇರೆ ಬರೆಯಿರಿ.

ಡೋಣಿ ದಂಡೆ | ವಿಜಯಪುರ ತಾಲೂಕು | ಮೂರು ದಿನದ ನಂತರ

ಎಣಿಸಿದೆವು. ಮಗಳು ಬರೆದಳು, ನಾನು ಬಗ್ಗಿ ನೋಡಿದೆ. ಸೊಂಟ ಹೋಯಿತು.

ಲಾವಂಚದ ಪಕ್ಕ 100ಕ್ಕೆ 7. ಹೊಲದ ನಡುವೆ 10. ರಸ್ತೆ ಬದಿ, ಬಣವೆಯಿಂದ ದೂರ 12. ಬಣವೆ ಹತ್ತಿರ 24.

ಅಂದರೆ ನಾನು ಲಾವಂಚದ ಪುಣ್ಯ ಅಂದುಕೊಂಡದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಬಣವೆಯ ಪಾಪ. ಹೇಳಲು ನಾಚಿಕೆ ಆಗುತ್ತದೆ. ಆ ಬಣವೆ ಅಲ್ಲಿ ಹಾಕಿದ್ದು ನಾನೇ, ಎತ್ತಿಗೆ ಹತ್ತಿರ ಆಗಲಿ ಅಂತ.

ಘಟಪ್ರಭಾ ಎಡದಂಡೆ | ಮುಧೋಳ

7ಕ್ಕೂ 12ಕ್ಕೂ ಇರುವ ಅಂತರ ಲಾವಂಚದ್ದೇ ಅಂತ ಹೇಗೆ ಹೇಳುತ್ತೀರಿ? ಹಳ್ಳದ ಕಡೆ ತೇವ ಜಾಸ್ತಿ ಇರಬಹುದು. ಗಿಡ ಗಟ್ಟಿ ಇರಬಹುದು. ಕುಹಕ ಅಲ್ಲ, ನಿಜವಾಗಿ ಕೇಳುತ್ತಿದ್ದೇನೆ.

ಹುಳದ ಬೆನ್ನು ಹತ್ತಿದವಳು | ಬಾಗಲಕೋಟೆ

ಹೇಳಲು ಆಗುವುದಿಲ್ಲ ಅಣ್ಣಾ. ಒಂದು ಹೊಲ, ಒಂದು ವರ್ಷ. 24 ಮಾತ್ರ ಕಣ್ಣಿಗೆ ಹೊಡೆದು ಕಾಣುತ್ತದೆ. ಉಳಿದ ಮೂರೂ ಹತ್ತಿರ ಹತ್ತಿರವೇ.

ಕಣಿಕಿ ಬಣವೆ | ಇಂಡಿ

ಹಾಗಂತ ಕಣಿಕಿ ಸುಟ್ಟುಬಿಡಿ ಅನ್ನಬೇಡಿ ಮೇಡಂ. ಈ ಕಡೆ ಕಣಿಕಿ ಇಲ್ಲದೆ ದನ ಸಾಕುವುದು ಹೇಗೆ? ಬಿಳಿಜೋಳ ಬಿತ್ತುವುದೇ ಅರ್ಧ ರೊಟ್ಟಿಗೆ, ಅರ್ಧ ಕಣಿಕಿಗೆ.

ಹುಳದ ಬೆನ್ನು ಹತ್ತಿದವಳು | ಬಾಗಲಕೋಟೆ

ಸುಡುವುದು ಬೇಡವೇ ಬೇಡ. ಮೇವು ಕತ್ತರಿಸುವ ಯಂತ್ರಕ್ಕೆ ಕೊಟ್ಟು ಸಣ್ಣಗೆ ಕತ್ತರಿಸಿ ಇಡಿ, ಒಳಗಿನ ಹುಳ ಅಲ್ಲೇ ಮುಗಿಯುತ್ತದೆ. ಎಲ್ಲ ಆಗದಿದ್ದರೆ ಬಿತ್ತುವ ಮುಂಚೆ, ಅಂದರೆ ಮೇ ತಿಂಗಳೊಳಗೆ, ಹಳೆಯ ಬಣವೆಯನ್ನು ಮೊದಲು ದನಕ್ಕೆ ತಿನ್ನಿಸಿ ಖಾಲಿ ಮಾಡಿ. ಹೊಸದನ್ನು ಆಮೇಲೆ. ನಮ್ಮಲ್ಲಿ ಹೊಸದನ್ನೇ ಮೊದಲು ತೆಗೆಯುತ್ತಾರೆ, ಹಳೆಯದು ಬರಗಾಲಕ್ಕೆ ಅಂತ. ಅಲ್ಲಿಯೇ ಹುಳ ಉಳಿಯುವುದು. ಹೊಲದ ಕೂಳೆಯನ್ನು ಬೇಸಿಗೆಯಲ್ಲಿ ಆಳವಾಗಿ ನೇಗಿಲು ಹೊಡೆದು ಬಿಸಿಲಿಗೆ ಹಾಕಿ.

ಮಸಾರಿ ಕಾಕಾ | ಸವದತ್ತಿ

ಹಳೆಯ ಬಣವೆ ಬರಗಾಲಕ್ಕೆ ಅನ್ನುವುದು ಸುಮ್ನೆ ಬಂದ ಮಾತಲ್ಲ ತಂಗಿ. ನೀರು ಬಂದ ಹೊಲಕ್ಕೆ ಹೊಸ ರೂಢಿ ಬೇಕು, ಒಪ್ಪುತ್ತೇನೆ. ಒಣ ಬೇಸಾಯದವರಿಗೆ ಆ ಬಣವೆಯೇ ಬ್ಯಾಂಕು. ಕತ್ತರಿಸಿ ಚೀಲಕ್ಕೆ ತುಂಬಿದರೆ ಇಬ್ಬರಿಗೂ ಸರಿ.

ಬರಗಾಲದ ಮಗ | ಜಮಖಂಡಿ

ಈಗ ಇವರ ಹೊಲದಲ್ಲಿರುವ ಹುಳಕ್ಕೆ ಏನು? ಎಲ್ಲರೂ ಮುಂದಿನ ವರ್ಷದ ಮಾತಾಡುತ್ತಿದ್ದೀರಿ.

ಹುಳದ ಬೆನ್ನು ಹತ್ತಿದವಳು | ಬಾಗಲಕೋಟೆ

ಟ್ರೈಕೋ ಕಾರ್ಡ್ (ಟ್ರೈಕೋಗ್ರಾಮಾ ಕಣಜ ಹೊರಬರುವ ಮೊಟ್ಟೆ ಅಂಟಿಸಿದ ಚೀಟಿ) ಸಿಕ್ಕರೆ ಕಟ್ಟಲಿ, ಅದರ ಪುಟ್ಟ ಕಣಜ ಕೊರಕದ ಮೊಟ್ಟೆಯೊಳಗೇ ತನ್ನ ಮೊಟ್ಟೆ ಇಡುತ್ತದೆ. ಆದರೆ ಕಾರ್ಡ್ ಕಟ್ಟಿದ ಹೊಲಕ್ಕೆ ಔಷಧಿ ಹೊಡೆದರೆ ಕಣಜ ಸತ್ತು ದುಡ್ಡು ದಂಡ. ಕಾಂಡದೊಳಗಿನ ಹುಳಕ್ಕೆ ಕೊಟೇಸಿಯಾ ಅನ್ನುವ ಇನ್ನೊಂದು ಕಣಜ ನಮ್ಮ ಹೊಲಗಳಲ್ಲಿ ತಾನಾಗಿಯೇ ಇದೆ. ಪಾಕಿಸ್ತಾನದಿಂದ ಅದನ್ನು ಕೀನ್ಯಾಕ್ಕೆ ಒಯ್ದು 1993ರಲ್ಲಿ ಹೊಲಕ್ಕೆ ಬಿಟ್ಟರು, ಅಲ್ಲಿ ಇದೇ ಹುಳಕ್ಕೆ. ನಮ್ಮಲ್ಲಿ ಸುಮ್ನೆ ಸಿಗುವುದನ್ನು ನಾವು ಔಷಧಿ ಹೊಡೆದು ಕೊಲ್ಲುತ್ತೇವೆ. ಸುಳಿ ಪೂರ್ತಿ ಒಣಗಿದ ಗಿಡ ಕಿತ್ತು ದನಕ್ಕೆ ಹಾಕಲಿ, ಒಡ್ಡಿನ ಮೇಲೆ ಎಸೆಯುವುದು ಬೇಡ. ಹುಳ ಜಾಸ್ತಿಯಾಗಿ ಔಷಧಿ ಬೇಕೇ ಬೇಕಾದರೆ ರೈತ ಸಂಪರ್ಕ ಕೇಂದ್ರದಲ್ಲಿ ಒಂದು ಗಿಡ ತೋರಿಸಿ ಕೇಳಲಿ. ಅಂಗಡಿಯಲ್ಲಿ 'ಹುಳದ ಔಷಧಿ ಕೊಡಿ' ಅನ್ನುವುದು ಬೇಡ.

ಅಣ್ಣಾ, ಇನ್ನೊಂದು ಕೆಲಸ. ಲಾವಂಚದ ಎಲೆ ತಿರುವಿ ನೋಡಿ. ಮೊಟ್ಟೆ ಇದೆಯಾ? ಚಪ್ಪಟೆಯಾಗಿ, ಮೀನಿನ ಹುರುಪೆಯಂತೆ ಒಂದರ ಮೇಲೊಂದು ಅಂಟಿಸಿದಂತೆ ಇರುತ್ತದೆ. ಸಿಕ್ಕರೆ ಎರಡು ಬಾಟಲಿ ತೆಗೆದುಕೊಳ್ಳಿ. ಒಂದರಲ್ಲಿ ಲಾವಂಚದ ಎಳೆ ಎಲೆ, ಇನ್ನೊಂದರಲ್ಲಿ ಗೋವಿನಜೋಳದ ಸುಳಿ ಎಲೆ. ಮೊಟ್ಟೆಯ ಗುಂಪನ್ನು ಕತ್ತರಿಸಿ ಎರಡಕ್ಕೂ ಹಂಚಿ. ಬಾಯಿಗೆ ತೆಳು ಬಟ್ಟೆ ಕಟ್ಟಿ. ಮೊಟ್ಟೆ ಕಪ್ಪಾದರೆ ಮರುದಿನ ಒಡೆಯುತ್ತದೆ ಅಂತ ಅರ್ಥ. ದಿನಾ ಹೊಸ ಎಲೆ ಹಾಕಿ.

ಡೋಣಿ ದಂಡೆ | ವಿಜಯಪುರ ತಾಲೂಕು | ಹದಿನಾರು ದಿನದ ನಂತರ

ತಡವಾಯಿತು, ಕ್ಷಮೆ ಇರಲಿ. ಮೊದಲ ದಿನ ಮೊಟ್ಟೆ ಸಿಗಲಿಲ್ಲ. ಎರಡನೇ ದಿನವೂ ಇಲ್ಲ. ಕೈ ತುಂಬ ಎಲೆಯ ಅಂಚು ತಾಗಿ ಗೀರು. ಮೂರನೇ ದಿನ ಮಗಳಿಗೆ ಸಿಕ್ಕಿತು, ಮೂರು ಗುಂಪು. ಎರಡು ಹೊಸ ಚಿಗುರಿನ ಮೇಲೆ. ನನ್ನ ಕಣ್ಣಿಗೆ ಎಲೆಗೆ ಸುಣ್ಣ ಸಿಡಿದಂತೆ ಕಂಡಿತ್ತು.

ಎರಡು ಹಾರ್ಲಿಕ್ಸ್ ಬಾಟಲಿ. ಅವಳೇ ಚೀಟಿ ಅಂಟಿಸಿದಳು. ನಾಲ್ಕನೇ ದಿನ ಕಪ್ಪಾಯಿತು, ಐದನೇ ದಿನ ಒಡೆಯಿತು. ಸಾಸಿವೆಗಿಂತ ಸಣ್ಣ ಮರಿಗಳು, ಓಡಾಟ ಮಾತ್ರ ಜೋರು. ಗೋವಿನಜೋಳದ ಬಾಟಲಿಯಲ್ಲಿ ಮೂರನೇ ದಿನಕ್ಕೆ ಎಲೆ ತುಂಬ ಕಿಟಕಿ ಕಿಟಕಿ. ಲಾವಂಚದ ಬಾಟಲಿಯಲ್ಲಿ ಎಲೆ ಹಾಗೇ ಇತ್ತು, ಅಲ್ಲಲ್ಲಿ ಕೆರೆದ ಗುರುತು ಬಿಟ್ಟರೆ. ಮರಿಗಳು ಬಾಯಿಯ ಬಟ್ಟೆ ಹತ್ತಿರ ಬಂದು ನೂಲು ಬಿಟ್ಟು ಜೋತಾಡುತ್ತಿದ್ದವು. ಜಮಖಂಡಿಯ ತಮ್ಮ ಹೇಳಿದ್ದು ಸರಿ, ಬಿಟ್ಟು ಹೋಗಲು ನೋಡುತ್ತವೆ. ಆರನೇ ದಿನಕ್ಕೆ ಅದರಲ್ಲಿ ಒಂದೂ ಉಳಿಯಲಿಲ್ಲ. ಆ ಕಡೆ ಬಾಟಲಿಯಲ್ಲಿ ಒಂಬತ್ತು ಇನ್ನೂ ತಿನ್ನುತ್ತಿವೆ.

ಮನೆಯವಳು ಆ ಬಾಟಲಿ ಅಡುಗೆ ಮನೆಯಿಂದ ಆಚೆ ಇಡದಿದ್ದರೆ ಇಬ್ಬರನ್ನೂ ಆಚೆ ಇಡುತ್ತೇನೆ ಅಂದಿದ್ದಾಳೆ.

ಘಟಪ್ರಭಾ ಎಡದಂಡೆ | ಮುಧೋಳ

ಸರಿ. ಪೂರ್ತಿ ವಾಪಸ್ ತೆಗೆದುಕೊಂಡೆ. ಬಾಟಲಿಯ ಮಟ್ಟಿಗೆ.

ಬರಗಾಲದ ಮಗ | ಜಮಖಂಡಿ

ಬಾಟಲಿಗೆ ಬಟ್ಟೆ ಕಟ್ಟಿತ್ತು. ಹೊಲಕ್ಕೆ ಬಟ್ಟೆ ಕಟ್ಟುವಂತಿಲ್ಲ. ಆ ಒಂದು ಮೀಟರ್ ಜಾಗ ಬಿಡುವುದು ಮರೆಯಬೇಡಿ ಅಣ್ಣಾ.

ಹುಳದ ಬೆನ್ನು ಹತ್ತಿದವಳು | ಬಾಗಲಕೋಟೆ

ಮಗಳಿಗೆ ಹೇಳಿ ಅಣ್ಣಾ, ಚೀಟಿ ಅಂಟಿಸಿ ದಿನಾಂಕ ಬರೆದದ್ದು ಭಾಳ ಚಲೋ ಆಯಿತು. ಕೃಷಿ ಪದವಿಗೆ ಬರುತ್ತಾಳಾ ಕೇಳಿ, ವಿಜಯಪುರದ ಹಿಟ್ಟಿನಹಳ್ಳಿಯಲ್ಲೇ ಕಾಲೇಜಿದೆ. ಮುಂದಿನ ವರ್ಷ ಬಣವೆ ಜಾಗ ಬದಲಿಸಿದ ಮೇಲೆ ಅದೇ ನಾಲ್ಕು ಕಡೆ ಮತ್ತೆ ಎಣಿಸಿ. ಜಾಗಕ್ಕೆ ಕಲ್ಲು ಗುರುತು ಇಡಿ.

ಕಣಿಕಿ ಬಣವೆ | ಇಂಡಿ

ನಾನೂ ಎಣಿಸುತ್ತೇನೆ. ನನ್ನದು ನೇಪಿಯರ್, ಅವರದು ಲಾವಂಚ. ಯಾರದು ಗೆಲ್ಲುತ್ತದೋ ನೋಡೋಣ. ಅಂದ ಹಾಗೆ ಅಣ್ಣಾ, ಒಂದು ಹತ್ತು ಬುಡ ಲಾವಂಚ ಕೊಡುತ್ತೀರಾ? ಹಳ್ಳದ ಕಡೆ ನೇಪಿಯರ್ ಮಣ್ಣು ಹಿಡಿಯುತ್ತಿಲ್ಲ.

ಡೋಣಿ ದಂಡೆ | ವಿಜಯಪುರ ತಾಲೂಕು

ಹತ್ತಲ್ಲ ಅಕ್ಕಾ, ಬೇಕಾದಷ್ಟು ಒಯ್ಯಿರಿ. ಮಳೆ ಇರುವಾಗಲೇ ಬನ್ನಿ. ಒಂದೊಂದು ಕಡ್ಡಿಗೆ ಎರಡು ಮೂರು ಕವಲು ಇರುವಂತೆ ಸೀಳಿ, ಮೇಲಿನ ಎಲೆ ಗೇಣುದ್ದಕ್ಕೆ ಕತ್ತರಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ ಕೊಡುತ್ತೇನೆ. ಬದಲಿಗೆ ಮೇವು ಕತ್ತರಿಸುವ ಯಂತ್ರ ಎರಡು ದಿನಕ್ಕೆ ಸಿಗುತ್ತದಾ?

ಕಣಿಕಿ ಬಣವೆ | ಇಂಡಿ

ಯಂತ್ರ ಕೊಡುತ್ತೇನೆ. ಬ್ಲೇಡು ಮೊಂಡಾಗಿದೆ, ಸಾಣೆ ಹಿಡಿಸಿಕೊಂಡು ಬರುತ್ತೇನೆ. ಭಾನುವಾರ.